ಬಸ್ಸು ಹತ್ತುವಾಗ ಸರ್ವೆ ಬೇಡ: ಆ್ಯಪ್ ಒಳಗಿನ ಮೆಸೇಜಿಗೆ ಸರಿಯಾದ ಹೊತ್ತು ಹುಡುಕುವ ಬಗೆ

ಬೆಂಗಳೂರಿನ ಆನಂದರಾವ್ ಸರ್ಕಲ್, ರಾತ್ರಿ ಹತ್ತೂವರೆ. ಬಸ್ಸಿನ ಎಂಜಿನ್ ಆಗಲೇ ಶುರುವಾಗಿತ್ತು. ಕ್ಲೀನರ್ ಹುಡುಗ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಟಿಕೆಟ್ ನೋಡಿ ಒಳಗೆ ಬಿಡುತ್ತಿದ್ದ. ನನ್ನ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಫೋನು. ಆ್ಯಪ್ ತೆಗೆದೆ. ಟಿಕೆಟ್ ಇನ್ನೂ ಪೂರ್ತಿ ಕಂಡಿರಲಿಲ್ಲ, ಅದರ ಮೇಲೆ ಒಂದು ದೊಡ್ಡ ಚೌಕ ಬಂದು ಕೂತಿತು. "ನಮ್ಮ ಆ್ಯಪ್ ಹೇಗನಿಸಿತು?" ಕೆಳಗೆ ಐದು ಸ್ಟಾರ್. ಮುಚ್ಚೋದು ಎಲ್ಲಿ ಅಂತ ಹುಡುಕುವಷ್ಟರಲ್ಲಿ ಹಿಂದಿನವರ ಟ್ರಂಕು ಮೊಣಕಾಲಿಗೆ ತಗುಲಿತು. "ಸಾರ್, ಟಿಕೆಟ್ ತೋರ್ಸಿ, ಇಲ್ಲಾಂದ್ರೆ ಸ್ವಲ್ಪ ಪಕ್ಕಕ್ಕೆ ಬನ್ನಿ" ಅಂದ ಹುಡುಗ. ಬೆರಳಿಗೆ ಸಿಕ್ಕಿದ ಸ್ಟಾರ್ ಒತ್ತಿದೆ. ಅದು ಮೊದಲನೆಯದು.

ಆ ಕಂಪನಿಯ ಲೆಕ್ಕದಲ್ಲಿ ನಾನು ಸಿಟ್ಟಾದ ಗಿರಾಕಿ. ನಿಜ ಹೇಳಬೇಕೆಂದರೆ ಆ್ಯಪ್ ಬಗ್ಗೆ ನನಗೆ ಒಂದು ದೂರೂ ಇರಲಿಲ್ಲ. ಅವರು ಕೇಳಿದ ಹೊತ್ತಿಗೆ ನಾನು ಉತ್ತರ ಕೊಟ್ಟೆ, ಅಷ್ಟೇ. ಮರುದಿನ ಯಾರೋ ಒಬ್ಬರು ಮೀಟಿಂಗಿನಲ್ಲಿ ಆ ಒಂದು ಸ್ಟಾರನ್ನು ಗ್ರಾಫಿನಲ್ಲಿ ನೋಡಿ ತಲೆ ಕೆರೆದುಕೊಂಡಿರುತ್ತಾರೆ.

ನನ್ನ ಕೆಲಸವೂ ಆ್ಯಪ್ ಕಟ್ಟುವುದೇ. ಹಾಗಾಗಿ ಆ ಚೌಕ ಅಲ್ಲಿಗೆ ಹೇಗೆ ಬಂತು ಅಂತ ಊಹಿಸುವುದು ಕಷ್ಟವಾಗಲಿಲ್ಲ. ಮೆಸೇಜ್ ಕಳಿಸುವ ಟೂಲ್‌ಗಳು ಹುಟ್ಟಿನಿಂದಲೇ ಅವಸರದವು. ಷರತ್ತು ಕೂಡಿಬಂದ ಕ್ಷಣವೇ ತೋರಿಸಿಬಿಡುತ್ತವೆ. ಒಂದು ಮೆಸೇಜ್ ಯಾರಿಗೆ ಅಂತ ಗೊತ್ತಾಗುವುದು ಒಂದು ಕೆಲಸ, ಅದನ್ನು ಈಗ ತೋರಿಸಬಹುದೇ ಅಂತ ನಿರ್ಧರಿಸುವುದು ಇನ್ನೊಂದು ಕೆಲಸ. ಇವೆರಡನ್ನು ಬಿಡಿಸುವುದೇ ಈ ಮಾರ್ಗದರ್ಶಿಯ ಇಡೀ ವಿಷಯ. ಉದಾಹರಣೆಗೆ ಒಂದು ಬಸ್ ಟಿಕೆಟ್ ಆ್ಯಪ್ ಇಟ್ಟುಕೊಳ್ಳೋಣ. ಟೂಲ್ ಅಂತ ಬಂದಾಗ ಗೂಗಲ್‌ನ ಫೈರ್‌ಬೇಸ್ ಹೆಸರು ಹೇಳುತ್ತೇನೆ, ಸಣ್ಣ ತಂಡಗಳಲ್ಲಿ ನಾನು ಜಾಸ್ತಿ ಕಂಡಿರುವುದು ಅದನ್ನೇ. ನಿಮ್ಮದು ಬೇರೆ ಇದ್ದರೂ ಇದೇ ಗುಂಡಿಗಳು ಬೇರೆ ಹೆಸರಲ್ಲಿ ಇರುತ್ತವೆ.

ಒಂದು ಮಾತು. ನೋಟಿಫಿಕೇಶನ್ ಬಗ್ಗೆ ನಾನಿಲ್ಲಿ ಹೇಳುತ್ತಿಲ್ಲ. ಅದು ಆ್ಯಪ್ ಮುಚ್ಚಿದ್ದಾಗಲೂ ಬರುತ್ತದೆ. ಇಲ್ಲಿ ವಿಷಯ ಆ್ಯಪ್ ತೆರೆದಿರುವಾಗ ಮಾತ್ರ ಕಾಣುವ ಮೆಸೇಜು, ಸರ್ವೆ, ಸ್ಟಾರ್ ಕೇಳುವ ಚೌಕ. ಇವು ಬರುವ ಹೊತ್ತಿಗೆ ಮನುಷ್ಯ ಏನೋ ಒಂದು ಕೆಲಸಕ್ಕೆ ಅಂತಲೇ ಆ್ಯಪ್ ತೆಗೆದಿರುತ್ತಾನೆ ಅನ್ನುವುದನ್ನು ನೆನಪಿಡಿ.

ಹಂತ 1: ಒಂದು ಕಾಗದ, ಮೂರು ಬಣ್ಣ

ಕೋಡ್ ಮುಟ್ಟುವ ಮೊದಲು ಒಂದು ಕಾಗದದ ಮೇಲೆ ಆ್ಯಪ್‌ನ ಎಲ್ಲ ಸ್ಕ್ರೀನುಗಳ ಹೆಸರು ಬರೆಯಿರಿ. ಪ್ರತಿಯೊಂದಕ್ಕೂ ಒಂದು ಬಣ್ಣ ಕೊಡಿ. ಕೆಂಪು ಅಂದರೆ ಇಲ್ಲಿ ಏನನ್ನೂ ತೋರಿಸಬಾರದು. ಹಳದಿ ಅಂದರೆ ಮೇಲೋ ಕೆಳಗೋ ಒಂದು ಸಣ್ಣ ಪಟ್ಟಿ ಸಾಕು, ಸ್ಕ್ರೀನ್ ಮುಚ್ಚುವಂಥದ್ದು ಬೇಡ. ಹಸಿರು ಅಂದರೆ ಇಲ್ಲಿ ಕೇಳಬಹುದು.

ನಮ್ಮ ಬಸ್ ಆ್ಯಪ್‌ನಲ್ಲಿ ಊರು, ದಿನ ಹುಡುಕುವ ಜಾಗ ಹಳದಿ. ಸೀಟು ಆರಿಸುವುದು ಕೆಂಪು, ಯಾಕೆಂದರೆ ಸೀಟು ಹಿಡಿದಿಟ್ಟ ಗಡಿಯಾರ ಓಡುತ್ತಿರುತ್ತದೆ. ಪ್ರಯಾಣಿಕರ ವಿವರ ಕೆಂಪು. ಹಣ ಕಟ್ಟುವುದು ಕೆಂಪು. ಟಿಕೆಟ್ ತೋರಿಸುವುದು ಕಡು ಕೆಂಪು. ಟಿಕೆಟ್ ರದ್ದು ಮಾಡುವುದೂ ಕೆಂಪೇ, ಅಲ್ಲಿ "ನಮ್ಮನ್ನು ಗೆಳೆಯರಿಗೆ ಹೇಳುತ್ತೀರಾ" ಅಂತ ಕೇಳಿದರೆ ಏನು ಉತ್ತರ ಬರುತ್ತದೆ ಅಂತ ಹೇಳಬೇಕಿಲ್ಲ. ಮುಗಿದ ಪ್ರಯಾಣಗಳ ಪಟ್ಟಿ ಹಸಿರು. ಬುಕಿಂಗ್ ಆಯಿತು ಅನ್ನುವ ಸ್ಕ್ರೀನು? ತುಂಬ ಜನ ಅದನ್ನು ಹಸಿರು ಅನ್ನುತ್ತಾರೆ. ನಾನು ಹಳದಿ ಅನ್ನುತ್ತೇನೆ. ಜನ ಅಲ್ಲಿ ಬೋರ್ಡಿಂಗ್ ಪಾಯಿಂಟ್ ಓದುತ್ತಿರುತ್ತಾರೆ, ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ವಾಟ್ಸ್ಆ್ಯಪ್ ಮಾಡುತ್ತಿರುತ್ತಾರೆ.

ಕಾಗದದಲ್ಲಿ ಹಸಿರು ಕಡಿಮೆ ಬಂದರೆ ಗಾಬರಿ ಬೇಡ. ಹತ್ತು ಸ್ಕ್ರೀನಿನ ಆ್ಯಪ್‌ನಲ್ಲಿ ಎರಡು ಹಸಿರು ಇದ್ದರೆ ಸಾಕು.

ಹಂತ 2: ಮೊದಲು ಬೀಗ ಹಾಕಿ

ಫೈರ್‌ಬೇಸ್ ಇನ್-ಆ್ಯಪ್ ಮೆಸೇಜಿಂಗ್‌ನಲ್ಲಿ ಕ್ಯಾಂಪೇನ್ ಮಾಡುವಾಗ ಯಾವಾಗ ತೋರಿಸಬೇಕು ಅಂತ ಟ್ರಿಗರ್ ಆರಿಸುತ್ತೀರಿ. ಆ್ಯಪ್ ಶುರುವಾದಾಗ, ಆ್ಯಪ್ ಮುಂದಕ್ಕೆ ಬಂದಾಗ, ಇಲ್ಲವೇ ಅನಲಿಟಿಕ್ಸ್‌ನ ಯಾವುದಾದರೂ ಇವೆಂಟ್ (ಬಳಸುವವರು ಮಾಡಿದ್ದನ್ನು ಆ್ಯಪ್ ಹೆಸರಿಟ್ಟು ದಾಖಲಿಸಿದ್ದು) ಆದಾಗ. ಎರಡನೆಯದು, ಅಂದರೆ ಆನ್ ಫೋರ್‌ಗ್ರೌಂಡ್ ಅನ್ನುವುದು, ನಮ್ಮ ದೇಶದಲ್ಲಿ ಒಂದು ಬಲೆ.

ಯಾಕೆ ಅಂತ ನೋಡಿ. ಹಣ ಕಟ್ಟಲು ಯುಪಿಐ ಒತ್ತುತ್ತಾರೆ. ಫೋನು ಗೂಗಲ್ ಪೇಗೋ ಫೋನ್‌ಪೇಗೋ ಹಾರುತ್ತದೆ. ಅಲ್ಲಿ ಪಿನ್ ಹಾಕಿ ವಾಪಸ್ ಬರುತ್ತಾರೆ. ಮನುಷ್ಯನ ಲೆಕ್ಕದಲ್ಲಿ ಅವನು ಇನ್ನೂ ಹಣ ಕಟ್ಟುತ್ತಲೇ ಇದ್ದಾನೆ. ಫೋನಿನ ಲೆಕ್ಕದಲ್ಲಿ ನಿಮ್ಮ ಆ್ಯಪ್ ಈಗಷ್ಟೇ ಹೊಸದಾಗಿ ಮುಂದಕ್ಕೆ ಬಂತು. ಟ್ರಿಗರ್ ಬಡಿಯುತ್ತದೆ. "ಹಣ ಹೋಯಿತಾ, ಇಲ್ಲವಾ" ಅಂತ ಎದೆ ಹೊಡೆದುಕೊಳ್ಳುವ ಆ ಐದು ಸೆಕೆಂಡಿನಲ್ಲಿ "ಹಬ್ಬದ ಆಫರ್!" ಅನ್ನುವ ಚಿತ್ರ ಎದ್ದು ನಿಲ್ಲುತ್ತದೆ. ಓಟಿಪಿ ನೋಡಲು ಎಸ್ಎಂಎಸ್‌ಗೆ ಹೋಗಿ ಬಂದಾಗಲೂ ಇದೇ ಕತೆ.

ಇದನ್ನು ತಡೆಯಲು ಫೈರ್‌ಬೇಸ್‌ನಲ್ಲಿ ಸೆಟ್ ಮೆಸೇಜಸ್ ಸಪ್ರೆಸ್ಡ್ ಅನ್ನುವ, ಕೋಡಿನಲ್ಲಿ ಬರೆಯುವ ಒಂದು ಕರೆ ಇದೆ. ಟ್ರೂ ಕೊಟ್ಟರೆ ಬೀಗ ಬಿತ್ತು, ಮೆಸೇಜ್ ಬರುವುದಿಲ್ಲ, ಫಾಲ್ಸ್ ಕೊಟ್ಟರೆ ಬರಬಹುದು. ನೋಡಲು ಸುಲಭ. ಆದರೆ ಇದಕ್ಕೆ ಎರಡು ಮುಳ್ಳುಗಳಿವೆ.

ಒಂದು: ಬೀಗ ಹಾಕಿದ್ದಾಗ ಟ್ರಿಗರ್ ಆದ ಮೆಸೇಜು ಸಾಲಿನಲ್ಲಿ ಕಾಯುವುದಿಲ್ಲ. ಅದು ಹೋಯಿತು, ಅಷ್ಟೇ. ಬೀಗ ತೆಗೆದ ಮೇಲೆ ಅದೇ ಟ್ರಿಗರ್ ಮತ್ತೆ ಆಗಬೇಕು. "ಪೇಮೆಂಟ್ ಮುಗಿದ" ಇವೆಂಟಿಗೆ ಕಟ್ಟಿದ ಮೆಸೇಜನ್ನು ಪೇಮೆಂಟ್ ಸ್ಕ್ರೀನಿನಲ್ಲೇ ಬೀಗ ಹಾಕಿದರೆ, ಅದು ಯಾರಿಗೂ ಯಾವತ್ತೂ ಕಾಣುವುದಿಲ್ಲ. "ಕ್ಯಾಂಪೇನ್ ಓಡ್ತಾನೇ ಇಲ್ಲ" ಅಂತ ಮಾರ್ಕೆಟಿಂಗ್‌ನವರು ಬಂದು ನಿಲ್ಲುವುದು ಇಂಥ ಕಡೆಯೇ.

ಎರಡು: ಆ್ಯಪ್ ಮತ್ತೆ ಶುರುವಾದರೆ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಡಿಮೆ ಮೆಮೊರಿಯ ಫೋನಿನಲ್ಲಿ ಯುಪಿಐ ಆ್ಯಪ್ ತೆರೆದಾಗ ಆಂಡ್ರಾಯ್ಡ್ ನಿಮ್ಮ ಆ್ಯಪನ್ನು ಹಿಂದೆಯೇ ಕೊಂದಿರಬಹುದು. ವಾಪಸ್ ಬಂದಾಗ ಅದು ಹೊಸ ಹುಟ್ಟು. ಪೇಮೆಂಟ್ ಸ್ಕ್ರೀನಿಗೆ ಹೋಗುವಾಗ ನೀವು ಹಾಕಿದ್ದ ಬೀಗ ಈಗಿಲ್ಲ. ನಿಮ್ಮ ಟೇಬಲ್ ಮೇಲಿನ ದುಬಾರಿ ಫೋನಿನಲ್ಲಿ ಇದು ಕಾಣುವುದೇ ಇಲ್ಲ.

ಹಾಗಾಗಿ ಕೆಂಪು ಸ್ಕ್ರೀನಿಗೆ ಹೋದಾಗ ಬೀಗ ಹಾಕುವ ಪದ್ಧತಿ ಬಿಡಿ. ಉಲ್ಟಾ ಮಾಡಿ. ಆ್ಯಪ್ ಹುಟ್ಟುವ ಜಾಗದಲ್ಲೇ, ಆಂಡ್ರಾಯ್ಡ್‌ನಲ್ಲಾದರೆ ಅಪ್ಲಿಕೇಶನ್ ಕ್ಲಾಸಿನ ಆನ್ ಕ್ರಿಯೇಟ್‌ನಲ್ಲಿ, ಬೀಗ ಹಾಕಿಬಿಡಿ. ಹಸಿರು ಸ್ಕ್ರೀನಿಗೆ ಬಂದಾಗ ಮಾತ್ರ ತೆಗೆಯಿರಿ. ಅಲ್ಲಿಂದ ಹೊರಟ ಕೂಡಲೇ ಮತ್ತೆ ಹಾಕಿ. ನಾಳೆ ಯಾರೋ ಒಂದು ಹೊಸ ಸ್ಕ್ರೀನ್ ಸೇರಿಸಿ ಬಣ್ಣ ಕೊಡಲು ಮರೆತರೂ ಅದು ಕೆಂಪಾಗಿಯೇ ಇರುತ್ತದೆ.

ಹಂತ 3: ಕಾಯಿಸಿ ಇಡಲು ಒಂದು ಚೀಟಿ

ಟೂಲ್ ಸಾಲು ಕಾಯಿಸುವುದಿಲ್ಲ ಅಂದ ಮೇಲೆ ಆ ಕೆಲಸ ನಮ್ಮದು. ಪ್ರಯಾಣ ಮುಗಿಯಿತು ಅಂತ ಗೊತ್ತಾದಾಗ ಏನನ್ನೂ ತೋರಿಸಬೇಡಿ. ಫೋನಿನಲ್ಲಿ ಒಂದು ಚೀಟಿ ಬರೆದಿಡಿ: ಯಾವ ಮೆಸೇಜು, ಯಾವ ಪ್ರಯಾಣ, ಯಾವಾಗ ಹುಟ್ಟಿತು, ಯಾವಾಗ ಹಳಸುತ್ತದೆ. ಕೊನೆಯದನ್ನು ಮರೆಯಬೇಡಿ. ಇಪ್ಪತ್ತು ದಿನ ಬಿಟ್ಟು ಆ್ಯಪ್ ತೆಗೆದವರಿಗೆ "ಬಸ್ಸು ಹೊತ್ತಿಗೆ ಸರಿಯಾಗಿ ಬಂತಾ" ಅಂತ ಕೇಳಿದರೆ ಅವರು ಯಾವ ಬಸ್ಸು ಅಂತ ಯೋಚಿಸುತ್ತಾರೆ.

ಚೀಟಿ ಆ್ಯಪ್ ಸತ್ತರೂ ಉಳಿಯುವ ಕಡೆ ಇರಲಿ, ಮೆಮೊರಿಯಲ್ಲಿ ಮಾತ್ರ ಇಟ್ಟರೆ ಹಂತ 2ರ ಕತೆಯೇ ಆಗುತ್ತದೆ. ಹಸಿರು ಸ್ಕ್ರೀನಿಗೆ ಬಂದು ಮುಂದಿನ ಹಂತದ ಪ್ರಶ್ನೆಗಳು ಪಾಸಾದ ಮೇಲೆ ಬೀಗ ತೆಗೆದು, ಟ್ರಿಗರ್ ಇವೆಂಟ್ ಅನ್ನುವ ಕರೆಯಿಂದ ನೀವೇ ಇಟ್ಟ ಹೆಸರಿನ ಇವೆಂಟ್ ಬಡಿಯಿರಿ. ಕ್ಯಾಂಪೇನನ್ನು ಆ ಹೆಸರಿಗೆ ಕಟ್ಟಿರಬೇಕು. ಈಗ ಹೊತ್ತು ನಿರ್ಧರಿಸುವುದು ನಿಮ್ಮ ಕೋಡು. ಏನು ಬರೆಯಬೇಕು, ಯಾವ ಚಿತ್ರ ಅನ್ನುವುದು ಕನ್ಸೋಲಿನಲ್ಲಿ, ಅಂದರೆ ಫೈರ್‌ಬೇಸ್‌ನ ವೆಬ್ ಪುಟದಲ್ಲಿ, ಕೂತವರ ಕೆಲಸ.

ಫೈರ್‌ಬೇಸ್ ಮೆಸೇಜಿನಲ್ಲಿ ಗುಂಡಿ ಒತ್ತಿದರೆ ಒಂದು ಲಿಂಕ್ ತೆರೆಯುತ್ತದೆ, ಅಷ್ಟೇ. ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುವ ಸ್ಕ್ರೀನು ನೀವೇ ಕಟ್ಟಬೇಕು. ನನ್ನ ಸಲಹೆ, ಸರ್ವೆಯನ್ನು ಪೂರ್ತಿ ನಿಮ್ಮದೇ ಸ್ಕ್ರೀನಾಗಿ ಮಾಡಿ, ಅದೇ ಚೀಟಿ, ಅದೇ ಪ್ರಶ್ನೆಗಳ ಮೂಲಕ ಹಾಯಿಸಿ.

ಹಂತ 4: ತೋರಿಸುವ ಮುಂಚೆ ಏಳು ಪ್ರಶ್ನೆ

ಇದನ್ನು ಒಂದೇ ಫಂಕ್ಷನ್‌ನಲ್ಲಿ ಬರೆಯಿರಿ, ಎಲ್ಲ ಮೆಸೇಜೂ ಅದರ ಮೂಲಕವೇ ಹೋಗಲಿ. ಒಂದು ಇಲ್ಲ ಬಂದರೂ ಅಲ್ಲಿಗೆ ನಿಲ್ಲಿಸಿ.

1. ಈಗಿನ ಸ್ಕ್ರೀನು ಹಸಿರೇ? (ಸಣ್ಣ ಪಟ್ಟಿಯಾದರೆ ಹಳದಿಯೂ ಸರಿ.)
2. ಮೂರು ಸೆಕೆಂಡಿನಿಂದ ಯಾರೂ ಸ್ಕ್ರೀನ್ ಮುಟ್ಟಿಲ್ಲವೇ?
3. ಕೀಬೋರ್ಡು, ಬೇರೆ ಡಯಲಾಗು, ಪರ್ಮಿಶನ್ ಕೇಳುವ ಚೌಕ ಎಲ್ಲ ಮುಚ್ಚಿವೆಯೇ?
4. ಬಾಕಿ ಇರುವ ಪೇಮೆಂಟು, ಇನ್ನು ಕೆಲವೇ ಗಂಟೆಯಲ್ಲಿ ಹೊರಡುವ ಬಸ್ಸು ಇಲ್ಲ ತಾನೇ?
5. ಚೀಟಿ ಹಳಸಿಲ್ಲವೇ?
6. ಈ ಮನುಷ್ಯನಿಗೆ ಕೊನೆಯ ಸಲ ಏನಾದರೂ ತೋರಿಸಿ ಸಾಕಷ್ಟು ದಿನ ಆಗಿದೆಯೇ?
7. ದೂರದಿಂದ ನಿಲ್ಲಿಸುವ ಸ್ವಿಚ್ಚನ್ನು ಯಾರೂ ಒತ್ತಿಲ್ಲ ತಾನೇ?

ನಾಲ್ಕನೆಯದು ಟಿಕೆಟ್ ಆ್ಯಪ್‌ನದು. ನಿಮ್ಮ ಆ್ಯಪ್‌ಗೆ ನಿಮ್ಮದೇ ನಾಲ್ಕನೆಯದು ಇರುತ್ತದೆ. ಊಟ ತರಿಸುವ ಆ್ಯಪ್‌ನಲ್ಲಿ ದಾರಿಯಲ್ಲಿರುವ ಆರ್ಡರ್, ಆಸ್ಪತ್ರೆ ಆ್ಯಪ್‌ನಲ್ಲಿ ಇವತ್ತಿನ ಅಪಾಯಿಂಟ್‌ಮೆಂಟ್. ಅದನ್ನು ಹುಡುಕಲು ಆಫೀಸಿನಲ್ಲಿ ಕೂರಬೇಡಿ, ಸಪೋರ್ಟ್ ಫೋನ್ ಎತ್ತುವವರ ಹತ್ತಿರ ಅರ್ಧ ಗಂಟೆ ಮಾತಾಡಿ.

ಏಳನೆಯದರ ಬಗ್ಗೆ ಸ್ವಲ್ಪ. ಫೈರ್‌ಬೇಸ್ ಬ್ಯಾಟರಿ ಉಳಿಸಲು ಮೆಸೇಜುಗಳನ್ನು ಸರ್ವರಿನಿಂದ ದಿನಕ್ಕೆ ಒಂದೇ ಸಲ ತರುತ್ತದೆ. ಹಾಗಾಗಿ ಬೆಳಿಗ್ಗೆ ಹಾಕಿದ ಕ್ಯಾಂಪೇನು ಕೂಡಲೇ ಎಲ್ಲರಿಗೂ ಕಾಣದು. ತಪ್ಪು ಮೆಸೇಜನ್ನು ತುರ್ತಾಗಿ ಹಿಂದಕ್ಕೆ ಎಳೆಯಲು ಕನ್ಸೋಲಿನ ಸ್ಟಾಪ್ ಗುಂಡಿಯನ್ನು ಮಾತ್ರ ನಂಬಬೇಡಿ. ಆ್ಯಪ್‌ನ ಸೆಟ್ಟಿಂಗನ್ನು ದೂರದಿಂದಲೇ ಬದಲಿಸಲು ಇರುವ ಫೈರ್‌ಬೇಸ್‌ನ ರಿಮೋಟ್ ಕಾನ್ಫಿಗ್‌ನಲ್ಲಿ ಒಂದು ಸ್ವಿಚ್ಚು ಇಡಿ. ಅದರಲ್ಲೂ ಸುಮ್ನೆ ಬಿಟ್ಟರೆ ಹೊಸ ಸೆಟ್ಟಿಂಗ್ ತರುವ ನಡುವೆ 12 ಗಂಟೆಯ ಅಂತರ ಇರುತ್ತದೆ. ಬದಲಾದ ಕೂಡಲೇ ತಿಳಿಸುವ ರಿಯಲ್-ಟೈಮ್ ಲಿಸನರ್ ಹಾಕಿಕೊಂಡರೆ ತೆರೆದಿರುವ ಆ್ಯಪ್‌ಗೆ ಬೇಗ ತಲುಪುತ್ತದೆ. ಎರಡನೇ ಪ್ರಶ್ನೆಯ ಮೂರು ಸೆಕೆಂಡು, ಆರನೆಯದರ ದಿನಗಳ ಲೆಕ್ಕ ಇವನ್ನೂ ರಿಮೋಟ್ ಕಾನ್ಫಿಗ್‌ನಲ್ಲೇ ಇಡಿ. ಒಂದು ಸಂಖ್ಯೆ ಬದಲಿಸಲು ಹೊಸ ವರ್ಷನ್ ಬಿಡಬೇಕಾಗಿ ಬಂದರೆ ಯಾರೂ ಬದಲಿಸುವುದಿಲ್ಲ.

ಹಂತ 5: ಎಷ್ಟು ಸಲ, ಯಾರ ಸರದಿ

ಒಂದೊಂದು ಕ್ಯಾಂಪೇನಿಗೂ ಮಿತಿ ಹಾಕುವ ಜಾಗ ಎಲ್ಲ ಟೂಲ್‌ನಲ್ಲೂ ಇದೆ. ತೊಂದರೆ ಬರುವುದು ಅಲ್ಲಿ ಅಲ್ಲ. ಮಾರ್ಕೆಟಿಂಗ್‌ನವರು ವಾರಕ್ಕೊಂದು ಕಳಿಸುತ್ತಾರೆ, ಪ್ರಾಡಕ್ಟ್‌ನವರು ವಾರಕ್ಕೊಂದು, ಸಪೋರ್ಟ್‌ನವರು ವಾರಕ್ಕೊಂದು. ಮೂವರೂ ಸಜ್ಜನರೇ. ಬಳಸುವವರಿಗೆ ಮಾತ್ರ ವಾರಕ್ಕೆ ಮೂರು. ಆದ್ದರಿಂದ ಮಿತಿ ಮನುಷ್ಯನ ಹೆಸರಲ್ಲಿರಲಿ. ನಾನಾದರೆ ಯಾವುದೇ ಬಗೆಯದ್ದಾಗಲಿ ವಾರಕ್ಕೆ ಒಂದು, ಸರ್ವೆಯಾದರೆ ಮೂರು ತಿಂಗಳಿಗೆ ಒಂದು ಅಂತ ಶುರು ಮಾಡುತ್ತೇನೆ. ಎರಡು ಚೀಟಿ ಒಟ್ಟಿಗೆ ಇದ್ದರೆ ಯಾವುದು ಮೊದಲು ಅನ್ನುವುದನ್ನು ಮೊದಲೇ ಬರೆದಿಡಿ: ಅವರ ಟಿಕೆಟ್ಟಿಗೆ ಸಂಬಂಧಿಸಿದ್ದು, ಆಮೇಲೆ ಸರ್ವೆ, ಕೊನೆಗೆ ಆಫರ್.

ಲೆಕ್ಕವನ್ನು ಫೋನಿನಲ್ಲಿ ಮಾತ್ರ ಇಟ್ಟರೆ ಆ್ಯಪ್ ಅಳಿಸಿ ಮತ್ತೆ ಹಾಕಿದಾಗ ಅದು ಸೊನ್ನೆಯಾಗುತ್ತದೆ. ಲಾಗಿನ್ ಇರುವ ಆ್ಯಪ್ ಆದರೆ ಸರ್ವರಿನಲ್ಲೂ ಇಡಿ.

ಉತ್ತರ ಕೊಟ್ಟವರು, ಮುಚ್ಚಿದವರು, ನೋಡಿ ಸುಮ್ಮನಾದವರು, ಈ ಮೂವರನ್ನು ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಎರಡು ಸಲ ಮುಚ್ಚಿದವರಿಗೆ ಆ ಸರ್ವೆ ಮತ್ತೆ ಬೇಡ.

ಎಲ್ಲರನ್ನೂ ಕೇಳುವ ಅಗತ್ಯವೂ ಇಲ್ಲ. ಯೂಸರ್ ಐಡಿಯ ಹ್ಯಾಶ್ (ಐಡಿಯಿಂದ ಲೆಕ್ಕ ಹಾಕಿದ ಒಂದು ಸಂಖ್ಯೆ) ತೆಗೆದು ಹತ್ತರಿಂದ ಭಾಗಿಸಿ, ಶೇಷ ಸೊನ್ನೆ ಬಂದವರನ್ನು ಈ ವಾರ, ಒಂದು ಬಂದವರನ್ನು ಮುಂದಿನ ವಾರ ಕೇಳಿ. ಒಬ್ಬರ ಸರದಿ ಹತ್ತು ವಾರಕ್ಕೊಮ್ಮೆ ಬರುತ್ತದೆ, ಮೂರು ತಿಂಗಳು ಆಗದವರನ್ನು ಆರನೇ ಪ್ರಶ್ನೆ ಅಲ್ಲೇ ನಿಲ್ಲಿಸುತ್ತದೆ.

ಹಂತ 6: ಯಾವ ಪ್ರಶ್ನೆಗೆ ಯಾವ ಹೊತ್ತು

"ಈ ಆ್ಯಪ್ ಬಗ್ಗೆ ಗೆಳೆಯರಿಗೆ ಹೇಳುತ್ತೀರಾ, 0ಯಿಂದ 10ರ ಒಳಗೆ?" ಇದು ಎನ್‌ಪಿಎಸ್, ಅಂದರೆ ನೆಟ್ ಪ್ರಮೋಟರ್ ಸ್ಕೋರ್. ಬಿಸಿನೆಸ್ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಮೇಲೆ ಎಲ್ಲೆಡೆ ಹಬ್ಬಿತು. 9, 10 ಕೊಟ್ಟವರ ಪಾಲಿನಿಂದ 0ಯಿಂದ 6 ಕೊಟ್ಟವರ ಪಾಲು ಕಳೆಯುತ್ತಾರೆ. ಇದು ಸಂಬಂಧದ ಬಗ್ಗೆ ಕೇಳುವ ಪ್ರಶ್ನೆ. ಎರಡು ಮೂರು ಪ್ರಯಾಣ ಮುಗಿಸಿದವರನ್ನು ಕೇಳಬೇಕು, ಇವತ್ತು ಆ್ಯಪ್ ಹಾಕಿದವರನ್ನು ಕೇಳಿ ಉಪಯೋಗವಿಲ್ಲ. "ಸೀಟು ಸುಲಭವಾಗಿ ಸಿಕ್ಕಿತಾ" ಅನ್ನುವುದು ಕೆಲಸದ ಬಗ್ಗೆ ಕೇಳುವ ಪ್ರಶ್ನೆ, ಬುಕಿಂಗ್ ಆದ ಸ್ವಲ್ಪ ಹೊತ್ತಿಗೇ ಕೇಳಬೇಕು, ಹಳದಿಯಲ್ಲಿ ಸಣ್ಣ ಪಟ್ಟಿಯಾಗಿ. "ಪ್ರಯಾಣ ಹೇಗಿತ್ತು" ಅನ್ನುವುದಕ್ಕೆ ಬಸ್ಸು ಇಳಿದಿರಬೇಕು.

ಇಲ್ಲೇ ಎಡವುವುದು. ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು ಬೆಳಗಾವಿ ಮುಟ್ಟುವುದು ಬೆಳಗಿನ ಜಾವ. ಆ ಹೊತ್ತಿಗೆ ಆ್ಯಪ್ ತೆಗೆದರೆ ಅದು ಡ್ರಾಪಿಂಗ್ ಪಾಯಿಂಟ್ ನೋಡಲು. ಮುಟ್ಟಿದ ಹೊತ್ತಿಗೆ ನಾಲ್ಕು ಗಂಟೆ ಸೇರಿಸಿ, ಅಲ್ಲಿಂದ ಮೂರು ದಿನದೊಳಗೆ ಆ್ಯಪ್ ತಾವಾಗಿ ತೆರೆದರೆ ಕೇಳಿ, ಇಲ್ಲದಿದ್ದರೆ ಚೀಟಿ ಹರಿದುಹಾಕಿ. ಹೊತ್ತನ್ನು ಯುಟಿಸಿಯಲ್ಲಿ, ಅಂದರೆ ಎಲ್ಲ ದೇಶಕ್ಕೂ ಒಂದೇ ಆದ ಗಡಿಯಾರದಲ್ಲಿ, ಬರೆದಿಡಿ. ನ್ಯೂಜೆರ್ಸಿಯಲ್ಲಿರುವ ಮಗಳು ಹಾಸನದಿಂದ ಬರುವ ಅಪ್ಪ ಅಮ್ಮನಿಗೆ ಟಿಕೆಟ್ ಮಾಡಿರುತ್ತಾಳೆ. ಫೋನಿನ ಗಡಿಯಾರ ಅಲ್ಲಿನದು, ಬಸ್ಸಿನ ಗಡಿಯಾರ ಇಲ್ಲಿನದು. ಅದಕ್ಕಿಂತ ದೊಡ್ಡ ವಿಷಯ, ಆ ಬಸ್ಸಿನಲ್ಲಿ ಕೂತವಳು ಅವಳಲ್ಲ. ಅವಳನ್ನು "ಸೀಟು ಆರಾಮಾಗಿತ್ತಾ" ಅಂತ ಕೇಳಿದರೆ ಏನು ಹೇಳುತ್ತಾಳೆ? ಪ್ರಯಾಣಿಕರ ಪಟ್ಟಿಯಲ್ಲಿ ಅಕೌಂಟಿನವರ ಹೆಸರು ಇಲ್ಲದಿದ್ದರೆ ಬುಕಿಂಗ್ ಬಗ್ಗೆ ಮಾತ್ರ ಕೇಳಿ.

ಹಂತ 7: ಸ್ಟೋರ್ ರೇಟಿಂಗ್‌ಗೆ ಬೇರೆ ಕಾನೂನು

ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಸ್ಟಾರ್ ಕೇಳಲು ಅವರದೇ ಚೌಕ ಇದೆ. ಆ್ಯಪಲ್‌ನದು 2017ರಲ್ಲಿ ಐಒಎಸ್ 10.3 ಜೊತೆ ಬಂತು. 365 ದಿನದಲ್ಲಿ ಒಬ್ಬರಿಗೆ ಹೆಚ್ಚೆಂದರೆ ಮೂರು ಸಲ ಕಾಣುತ್ತದೆ. ಗೂಗಲ್‌ನದು 2020ರ ಆಗಸ್ಟಿನಲ್ಲಿ ಬಂತು. ಅಲ್ಲೂ ಒಂದು ಕೋಟಾ ಇದೆ, ಎಷ್ಟು ಅಂತ ಅವರು ಹೇಳುವುದಿಲ್ಲ. ನೀವು ಕರೆದರೂ ಚೌಕ ಬರದೇ ಇರಬಹುದು. ಬಂತಾ, ಸ್ಟಾರ್ ಕೊಟ್ಟರಾ ಅಂತ ನಿಮಗೆ ತಿಳಿಸುವುದೂ ಇಲ್ಲ. ಹಾಗಾಗಿ "ರೇಟ್ ಮಾಡಿ" ಅನ್ನುವ ಗುಂಡಿಗೆ ಇದನ್ನು ಕಟ್ಟಬೇಡಿ, ಒತ್ತಿದವರಿಗೆ ಏನೂ ಆಗದಂತೆ ಕಾಣುತ್ತದೆ. ಗುಂಡಿಯಿಂದ ನೇರ ಸ್ಟೋರ್ ಪುಟಕ್ಕೆ ಕಳಿಸಿ.

ಹಳೆಯ ಚಾಲಾಕಿ ಒಂದಿದೆ. ಮೊದಲು "ಆ್ಯಪ್ ಇಷ್ಟವಾಯಿತಾ" ಅಂತ ಕೇಳಿ, ಹೌದು ಅಂದವರನ್ನು ಸ್ಟೋರಿಗೆ, ಇಲ್ಲ ಅಂದವರನ್ನು ಇಮೇಲಿಗೆ ಕಳಿಸುವುದು. ಸ್ಟಾರ್ ಚೌಕದ ಮುಂಚೆ ಹೀಗೆ ಕೇಳಬಾರದು ಅಂತ ಗೂಗಲ್ ಸ್ಪಷ್ಟವಾಗಿ ಬರೆದಿದೆ. ಬಿಟ್ಟುಬಿಡಿ. ಪ್ರಯಾಣ ಚೆನ್ನಾಗಿ ಮುಗಿದು, ರದ್ದತಿ, ರಿಫಂಡ್ ಏನೂ ಇಲ್ಲದೆ, ಮುಂದಿನ ಬುಕಿಂಗಿಗೆ ಬಂದು ಅದೂ ಸರಾಗವಾಗಿ ಆದ ಮೇಲೆ ಹಸಿರಿಗೆ ಬಂದವರಿಗಾಗಿ ಈ ಚೌಕವನ್ನು ಕರೆಯಿರಿ. ಮೂರು ಅವಕಾಶವನ್ನು ಮೊದಲ ವಾರದಲ್ಲೇ ಸುಟ್ಟುಕೊಂಡ ಆ್ಯಪ್‌ಗಳನ್ನು ನಾನು ನೋಡಿದ್ದೇನೆ.

ಹಂತ 8: ಬೇಡ ಅನ್ನಲು ಜಾಗ

ಬ್ಯಾಕ್ ಗುಂಡಿ ಕೆಲಸ ಮಾಡಬೇಕು. ಮುಚ್ಚುವ ಗುರುತು ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡದಿರಬೇಕು, ಮೊದಲ ಕ್ಷಣದಿಂದಲೇ ಕಾಣಬೇಕು. ಕನ್ನಡದಲ್ಲಿ ಬರೆದರೆ ಸಣ್ಣ ಸ್ಕ್ರೀನಿನಲ್ಲಿ, ಅಕ್ಷರ ದೊಡ್ಡದು ಮಾಡಿಕೊಂಡ ಫೋನಿನಲ್ಲಿ ನೋಡಿ. ಒತ್ತಕ್ಷರ ಕತ್ತರಿಸಿ ಹೋಗುತ್ತದೆ, "ಬೇಡ" ಗುಂಡಿ ಸ್ಕ್ರೀನಿನ ಕೆಳಗೆ ಜಾರುತ್ತದೆ.

"ಬೇಡ, ನನಗೆ ಹಣ ಉಳಿಸಲು ಇಷ್ಟವಿಲ್ಲ" ಅಂತ ಗುಂಡಿಯ ಮೇಲೆ ಬರೆಯುವವರಿದ್ದಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 30 ನವೆಂಬರ್ 2023ರಂದು ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಸ್ಕ್ರೀನ್ ವಿನ್ಯಾಸ, ತಡೆಯುವ ಮಾರ್ಗಸೂಚಿ ಹೊರಡಿಸಿತು. ಅದರ 13 ಬಗೆಗಳ ಪಟ್ಟಿಯಲ್ಲಿ ಹೀಗೆ ನಾಚಿಕೆಪಡಿಸುವುದೂ ಇದೆ, ವ್ಯಾಪಾರದ ಲಾಭಕ್ಕೆ ಮತ್ತೆ ಮತ್ತೆ ಕಾಡುವುದೂ ಇದೆ. ಹಂತ 5ರ ಮಿತಿಗೆ ಮೀಟಿಂಗಿನಲ್ಲಿ ಯಾರಾದರೂ ಒಪ್ಪದಿದ್ದರೆ ಈ ಕಾಗದ ತೋರಿಸಿ.

ಹಂತ 9: ಪರೀಕ್ಷೆ

ಫೈರ್‌ಬೇಸ್‌ನಲ್ಲಿ ನಿಮ್ಮ ಫೋನಿನ ಇನ್‌ಸ್ಟಾಲೇಶನ್ ಐಡಿ ಕೊಟ್ಟು ಮೆಸೇಜನ್ನು ಕೂಡಲೇ ತರಿಸಿ ನೋಡಬಹುದು. ಅದು ಮೆಸೇಜಿನ ಚೆಂದ ನೋಡಲು. ಹೊತ್ತಿನ ಪರೀಕ್ಷೆ ಬೇರೆ. ಹಳೆಯ, ಅಗ್ಗದ ಫೋನ್ ಒಂದನ್ನು ತೆಗೆದುಕೊಳ್ಳಿ. ಡೆವಲಪರ್ ಆಯ್ಕೆಗಳಲ್ಲಿ ಹಿನ್ನೆಲೆ ಪ್ರೊಸೆಸ್ ಒಂದೂ ಬೇಡ ಅಂತ ಹಾಕಿ. ಚೀಟಿ ಹುಟ್ಟಿಸಿ, ಒಂದು ರೂಪಾಯಿಯ ಪೇಮೆಂಟಿಗೆ ಹೋಗಿ, ಯುಪಿಐಗೆ ಹಾರಿ, ವಾಪಸ್ ಬನ್ನಿ. ಏನೂ ಬರಬಾರದು. ಸರ್ವೆ ಅರ್ಧ ತುಂಬಿ ಫೋನ್ ಅಡ್ಡ ತಿರುಗಿಸಿ, ಬರೆದದ್ದು ಉಳಿಯಬೇಕು. ಸರ್ವೆ ತೆರೆದಿರುವಾಗ ಕರೆ ಬರಲಿ. ನೆಟ್ ನಿಧಾನ ಮಾಡಿ ನೋಡಿ. ಚಿತ್ರ ಇಳಿಯುವಷ್ಟರಲ್ಲಿ ಜನ ಮುಂದಿನ ಸ್ಕ್ರೀನಿಗೆ ಹೋಗಿರುತ್ತಾರೆ, ಆದ್ದರಿಂದ ತೋರಿಸುವ ಕೊನೆಯ ಕ್ಷಣದಲ್ಲಿ ಮೊದಲ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕು.

ಹಂತ 10: ಬಿಟ್ಟ ಮೇಲೆ ಏನು ನೋಡಬೇಕು

ನೂರಕ್ಕೆ ಐದು ಜನರಿಗೆ ಮೊದಲು ಬಿಡಿ. ಎಷ್ಟು ಜನ ಉತ್ತರ ಕೊಟ್ಟರು ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ನಾನು ಮೊದಲು ನೋಡುವುದು, ತೋರಿಸಿದ ಒಂದು ಸೆಕೆಂಡಿನೊಳಗೆ ಮುಚ್ಚಿದವರು ಎಷ್ಟು ಅನ್ನುವುದನ್ನು. ಒಂದು ಸೆಕೆಂಡಿನಲ್ಲಿ ಯಾರೂ ಓದಿರುವುದಿಲ್ಲ. ಹಾಗೆಯೇ ಒಂದು ಸೆಕೆಂಡಿನೊಳಗೆ ಬಂದ ಸ್ಟಾರುಗಳನ್ನು ಸರಾಸರಿಯಿಂದ ಹೊರಗಿಡಿ, ಅವು ನನ್ನಂಥವರವು. ಪ್ರತಿ ಸಲ ತೋರಿಸಿದಾಗಲೂ ಸ್ಕ್ರೀನಿನ ಹೆಸರನ್ನೂ, ಹಿಂದಿನ ಸ್ಕ್ರೀನಿನ ಹೆಸರನ್ನೂ ಲಾಗ್ ಮಾಡಿ. ಅವಸರದ ಮುಚ್ಚುವಿಕೆ ಯಾವ ಜೋಡಿಯ ಹತ್ತಿರ ಗುಡ್ಡೆ ಬಿದ್ದಿದೆ ಅಂತ ವಾರಕ್ಕೊಮ್ಮೆ ನೋಡಿದರೆ ಹಂತ 1ರ ಕಾಗದದಲ್ಲಿ ಯಾವ ಹಸಿರು ನಿಜಕ್ಕೂ ಹಳದಿ ಅನ್ನುವುದು ಕಾಣುತ್ತದೆ. ಏನನ್ನೂ ತೋರಿಸದ ಒಂದು ಸಣ್ಣ ಗುಂಪನ್ನೂ ಪಕ್ಕಕ್ಕಿಡಿ. ಆ ಗುಂಪಿನವರು ಮುಂದಿನ ತಿಂಗಳು ಜಾಸ್ತಿ ಟಿಕೆಟ್ ಮಾಡಿದ್ದರೆ, ಕಾಗದವನ್ನು ಮತ್ತೆ ಹೊರಗೆ ತೆಗೆಯಿರಿ.